ಕಾರ್ಡಿನಲ್ಲಿ ನೀವು ಮಾಡದ ಖರ್ಚು ಕಂಡರೆ: ಮೊದಲ ಗಂಟೆಯಿಂದ ಕೊನೆಯ ದೂರಿನವರೆಗೆ

ಶಿವಮೊಗ್ಗದಲ್ಲಿರುವ ನನ್ನ ಚಿಕ್ಕಮ್ಮ ನಿವೃತ್ತ ಶಿಕ್ಷಕಿ. ಒಂದು ದಿನ ಬೆಳಿಗ್ಗೆ ಫಿಲ್ಟರಿಗೆ ಕಾಫಿಪುಡಿ ಹಾಕುತ್ತಾ ಫೋನ್ ನೋಡಿದರೆ ರಾತ್ರಿ ಒಂದೂವರೆಗೆ ಕ್ರೆಡಿಟ್ ಕಾರ್ಡಿನ ಖರ್ಚಿನ ಮೂರು ಮೆಸೇಜ್ ಬಂದು ಬಿದ್ದಿದ್ದವು. ಮೊದಲನೆಯದು ಒಂದು ಡಾಲರ್. ಆಮೇಲಿನ ಎರಡು ಇನ್ನೂರು ಡಾಲರಿನ ಆಸುಪಾಸು. ಅವರು ಓಟಿಪಿ ಯಾರಿಗೂ ಕೊಟ್ಟಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ಆದರೂ ನನಗೆ ಫೋನ್ ಮಾಡಿದ್ದು ಹನ್ನೊಂದು ಗಂಟೆಗೆ. ‘ಯಾರಿಗೂ ಹೇಳಬೇಡ ಕಣೇ, ನಾಚಿಕೆ ಆಗುತ್ತೆ’ ಎಂದೇ ಮಾತು ಶುರು ಮಾಡಿದರು.

ಆ ನಾಚಿಕೆಗೆ ಐದು ಗಂಟೆ ಹೋಗಿತ್ತು. ಇಂಥ ವಿಷಯದಲ್ಲಿ ಐದು ಗಂಟೆ ಸಣ್ಣದಲ್ಲ. ಅವತ್ತು ನಾವು ಮಾಡಿದ್ದು, ತಪ್ಪಿದ್ದು, ಆಮೇಲೆ ಕಲಿತದ್ದು ಎಲ್ಲವನ್ನೂ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ಕಾರ್ಡ್ ಬಂದ್ ಮಾಡಿ

ಬ್ಯಾಂಕಿನ ಆ್ಯಪ್ ಇದ್ದರೆ ಅದರಲ್ಲೇ ಕಾರ್ಡ್ ಬ್ಲಾಕ್ ಮಾಡುವ ಆಯ್ಕೆ ಇರುತ್ತದೆ. ಅರ್ಧ ನಿಮಿಷದ ಕೆಲಸ. ಆ್ಯಪ್ ಇಲ್ಲದಿದ್ದರೆ ಕಾರ್ಡಿನ ಹಿಂದೆ ಮುದ್ರಿಸಿರುವ ನಂಬರಿಗೆ ಕರೆ ಮಾಡಿ. ಗಾಬರಿಯಲ್ಲಿ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ಅಲ್ಲಿ ಬ್ಯಾಂಕಿನ ಹೆಸರಿನಲ್ಲಿ ವಂಚಕರೇ ತಮ್ಮ ನಂಬರ್ ಹಾಕಿಟ್ಟಿರುತ್ತಾರೆ. ಒಂದು ಮೋಸ ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದಕ್ಕೆ ಬಿದ್ದವರು ಎಷ್ಟೋ ಜನ.

ಬ್ಲಾಕ್ ಮಾಡುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ನಮ್ಮ ಮನೆಯವರದೇ ಖರ್ಚಾ? ಅಂಗಡಿಯ ಬೋರ್ಡಿನಲ್ಲಿ ಒಂದು ಹೆಸರು, ಬಿಲ್ಲಿನಲ್ಲಿ ಕಂಪನಿಯ ಇನ್ನೊಂದು ಹೆಸರು ಇರುವುದು ಮಾಮೂಲು. ಮಗ ಹಿಂದಿನ ವರ್ಷ ಹಾಕಿಸಿದ ಸಿನಿಮಾ ಆ್ಯಪ್‌ನ ಚಂದಾ ತಾನಾಗಿ ನವೀಕರಣ ಆಗಿರಬಹುದು. ಹಾಗಿದ್ದರೆ ಅದು ವಂಚನೆಯಲ್ಲ, ವ್ಯಾಪಾರಿಯ ಜೊತೆಗಿನ ತಕರಾರು. ಅದರ ದಾರಿಯೇ ಬೇರೆ. ಆದರೆ ಈ ವಿಚಾರಣೆಗೆ ಐದು ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ. ಅನುಮಾನ ಉಳಿದರೆ ಬ್ಲಾಕ್ ಮಾಡಿಬಿಡಿ. ಹೊಸ ಕಾರ್ಡ್ ಮನೆಗೇ ಬರುತ್ತದೆ.

ಒಂದು ಡಾಲರ್, ಎರಡು ರೂಪಾಯಿ ಎಂದು ಸುಮ್ಮನಿರುವುದೂ ಬೇಡ. ಕದ್ದ ಕಾರ್ಡ್ ನಂಬರ್ ಕೆಲಸ ಮಾಡುತ್ತದೆಯೇ ಎಂದು ನೋಡಲು ಮೊದಲು ಚಿಲ್ಲರೆ ಮೊತ್ತವನ್ನೇ ಎಳೆಯುತ್ತಾರೆ.

ಬ್ಲಾಕ್ ಆದರೆ ದೂರು ಆದಂತಲ್ಲ

ನಾವು ಎಡವಿದ್ದು ಇಲ್ಲೇ. ಚಿಕ್ಕಮ್ಮ ಕರೆ ಮಾಡಿದಾಗ ಆ ಕಡೆಯ ಹುಡುಗ ‘ಕಾರ್ಡ್ ಬ್ಲಾಕ್ ಆಗಿದೆ ಮೇಡಂ, ಇನ್ನು ಚಿಂತೆ ಬೇಡ’ ಎಂದು ಇಟ್ಟುಬಿಟ್ಟಿದ್ದ. ಸಂಜೆ ನಾನು ‘ದೂರಿನ ನಂಬರ್ ಏನು ಚಿಕ್ಕಮ್ಮ?’ ಎಂದು ಕೇಳಿದೆ. ಅಂಥದ್ದು ಯಾವುದೂ ಬಂದಿರಲಿಲ್ಲ. ಮತ್ತೆ ಕರೆ ಮಾಡಿದಾಗ ಗೊತ್ತಾಯಿತು, ಬ್ಲಾಕ್ ಮಾಡುವುದೇ ಬೇರೆ, ಆದ ಖರ್ಚು ನನ್ನದಲ್ಲ ಎಂದು ದಾಖಲಿಸುವುದೇ ಬೇರೆ. ನಾವು ಕೇಳದೇ ಇದ್ದಿದ್ದರೆ ದೂರೇ ಇರುತ್ತಿರಲಿಲ್ಲ.

ಹಾಗಾಗಿ ಕರೆಯಲ್ಲಿ ಸ್ಪಷ್ಟವಾಗಿ ಹೇಳಿ: ‘ಇವು ಫ್ರಾಡ್ ಟ್ರಾನ್ಸಾಕ್ಷನ್, ನಾನು ಮಾಡಿದ್ದಲ್ಲ, ಡಿಸ್ಪ್ಯೂಟ್ ದಾಖಲಿಸಿ, ನಂಬರ್ ಕೊಡಿ.’ ಈ ಮಾತು ಹೇಳಿದರೆ ಅವರಿಗೆ ಕೂಡಲೇ ಅರ್ಥವಾಗುತ್ತದೆ. ಎಷ್ಟು ವಹಿವಾಟು ಇವೆಯೋ ಅಷ್ಟನ್ನೂ ಒಂದೊಂದಾಗಿ ಹೇಳಿಸಿ. ನಂಬರ್, ಕರೆ ಮಾಡಿದ ಹೊತ್ತು, ಮಾತಾಡಿದವರ ಹೆಸರು ಬರೆದುಕೊಳ್ಳಿ. ಚಿಕ್ಕಮ್ಮ ಇದಕ್ಕೆಂದೇ ಹಳೆಯ ಹಾಜರಿ ಪುಸ್ತಕದ ಹಿಂದಿನ ಹಾಳೆಗಳನ್ನು ಬಳಸಿದರು. ಆಮೇಲೆ ಅದೇ ಹಾಳೆ ನಮ್ಮನ್ನು ಕಾಪಾಡಿತು.

ಕರೆ ಮುಗಿದ ಮೇಲೆ ಬ್ಯಾಂಕಿಗೆ ಇಮೇಲ್ ಕೂಡ ಹಾಕಿ. ಉದ್ದ ಬೇಡ. ಕಾರ್ಡಿನ ಕೊನೆಯ ನಾಲ್ಕು ಅಂಕೆ, ವಹಿವಾಟಿನ ದಿನ, ಹೊತ್ತು, ಮೊತ್ತ, ವ್ಯಾಪಾರಿಯ ಹೆಸರು, ಮೆಸೇಜ್ ಯಾವಾಗ ಬಂತು, ದೂರಿನ ನಂಬರ್ ಇಷ್ಟಿರಲಿ. ಓಟಿಪಿ ಹಂಚಿಕೊಂಡಿಲ್ಲದಿದ್ದರೆ, ಕಾರ್ಡ್ ನಿಮ್ಮ ಬಳಿಯೇ ಇದ್ದರೆ ಆ ಮಾತನ್ನೂ ಬರೆಯಿರಿ. ಮೆಸೇಜಿನ ಸ್ಕ್ರೀನ್‌ಶಾಟ್ ಸೇರಿಸಿ. ಇಡೀ ಕಾರ್ಡ್ ನಂಬರ್, ಸಿವಿವಿ ಮಾತ್ರ ಎಲ್ಲೂ ಬರೆಯಬೇಡಿ.

ಮೂರು ದಿನದ ಲೆಕ್ಕ

ಇಷ್ಟು ಅವಸರ ಯಾಕೆ? ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮವೇ ಇದಕ್ಕೆ ಕಾರಣ. ತಪ್ಪು ಬ್ಯಾಂಕಿನದಾದರೆ ನೀವು ಯಾವಾಗ ಹೇಳಿದರೂ ನಷ್ಟ ನಿಮ್ಮದಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ, ನಡುವೆ ಎಲ್ಲೋ ಮಾಹಿತಿ ಸೋರಿದೆ ಎಂದಾದರೆ, ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನ ಆದರೆ ಒಂದು ಮಿತಿಯವರೆಗೆ ನೀವು ಭರಿಸಬೇಕು. 5 ಲಕ್ಷದವರೆಗೆ ಲಿಮಿಟ್ ಇರುವ ಕ್ರೆಡಿಟ್ ಕಾರ್ಡಿಗೆ ಅದು ಹೆಚ್ಚೆಂದರೆ 10,000 ರೂಪಾಯಿ, ಅದಕ್ಕಿಂತ ದೊಡ್ಡ ಲಿಮಿಟ್‌ಗೆ 25,000. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ನೀತಿಯಂತೆ.

ಮೆಸೇಜ್ ಬಂದ ದಿನ ಲೆಕ್ಕಕ್ಕಿಲ್ಲ. ಗುರುವಾರ ರಾತ್ರಿ ಬಂತು, ಮುಂದಿನದು ಎರಡನೇ ಶನಿವಾರ ಎಂದುಕೊಳ್ಳಿ. ಶುಕ್ರವಾರ ಒಂದು, ಶನಿವಾರ ಭಾನುವಾರ ರಜೆ, ಸೋಮವಾರ ಎರಡು, ಮಂಗಳವಾರ ಮೂರು. ಹಾಗೆಂದು ಮಂಗಳವಾರದ ತನಕ ಕಾಯಬೇಡಿ. ಕಾರ್ಡ್ ತೆರೆದೇ ಇದ್ದರೆ ಅಷ್ಟರಲ್ಲಿ ಇನ್ನೆಷ್ಟು ಹೋಗುತ್ತದೋ.

ಓಟಿಪಿಯನ್ನು ನೀವೇ ಹೇಳಿಬಿಟ್ಟಿದ್ದರೆ? ಆಗ ನೀವು ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ನಿಮ್ಮ ತಲೆಗೇ. ತಿಳಿಸಿದ ನಂತರ ಹೋದದ್ದು ಬ್ಯಾಂಕಿನ ಹೊಣೆ. ಅಂದರೆ ಓಟಿಪಿ ಕೊಟ್ಟವರು ಇನ್ನೂ ಜೋರಾಗಿ ಓಡಬೇಕು. ‘ರಿವಾರ್ಡ್ ಪಾಯಿಂಟ್ ಇವತ್ತೇ ಮುಗಿಯುತ್ತೆ’, ‘ಲಿಮಿಟ್ ಜಾಸ್ತಿ ಮಾಡಿಕೊಡ್ತೀವಿ’, ‘ಕೆವೈಸಿ ಬಾಕಿ ಇದೆ’ ಎಂದು ನಂಬಿಸುವುದೇ ಆ ಕಳ್ಳರ ಕಸುಬು. ಅವರ ಮಾತಿಗೆ ಬಿದ್ದದ್ದಕ್ಕೆ ತಲೆ ತಗ್ಗಿಸಬೇಕಾದ್ದು ನೀವಲ್ಲ. ದಯವಿಟ್ಟು ಮುಚ್ಚಿಡಬೇಡಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ‘ಓಟಿಪಿ ಸರಿಯಾಗಿ ಬಿದ್ದಿದೆ, ಅಂದರೆ ನೀವೇ ಮಾಡಿದ್ದು’ ಎಂದು ಬ್ಯಾಂಕ್ ಒಂದು ಸಾಲಿನಲ್ಲಿ ಕೈತೊಳೆದುಕೊಳ್ಳಬಹುದು. ಆದರೆ ಗ್ರಾಹಕರ ತಪ್ಪು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು ಎಂದು ಅದೇ ನಿಯಮ ಹೇಳುತ್ತದೆ. ಯಾವ ಆಧಾರದ ಮೇಲೆ ಹೇಳುತ್ತೀರಿ, ಲಿಖಿತವಾಗಿ ಕೊಡಿ ಎಂದು ಕೇಳಿ.

1930ಕ್ಕೂ ಕರೆ ಮಾಡಿ

ಬ್ಯಾಂಕಿನ ಕರೆ ಮುಗಿಯುತ್ತಲೇ ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಯಾವುದಾದರೂ ವಾಲೆಟ್ಟಿಗೋ ಖಾತೆಗೋ ಹೋಗಿದ್ದು ಇನ್ನೂ ಅಲ್ಲೇ ಇದ್ದರೆ ತಡೆಹಿಡಿಸುವ ಪ್ರಯತ್ನ ನಡೆಯುತ್ತದೆ. ಬೇಗ ಹೇಳಿದಷ್ಟೂ ಹಣ ಸಿಗುವ ಸಾಧ್ಯತೆ ಜಾಸ್ತಿ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಅಲ್ಲಿ ಸಿಗುವ ಸ್ವೀಕೃತಿ ಸಂಖ್ಯೆಯನ್ನು ಬ್ಯಾಂಕಿನ ಇಮೇಲಿಗೆ ಸೇರಿಸಿ ಕಳಿಸಿ.

ಮೊತ್ತ ದೊಡ್ಡದಾದರೆ ಪೊಲೀಸ್ ಠಾಣೆಗೆ ಹೋಗಿ. ಕರ್ನಾಟಕದಲ್ಲಿ ಸೈಬರ್ ಅಪರಾಧ ನೋಡುವ ಪ್ರತ್ಯೇಕ ಠಾಣೆಗಳಿವೆ. ಮೆಸೇಜ್, ಸ್ಟೇಟ್‌ಮೆಂಟ್, ದೂರಿನ ನಂಬರ್ ಎಲ್ಲದರ ಪ್ರಿಂಟ್ ತೆಗೆದುಕೊಂಡೇ ಹೋಗಿ.

ಬಿಲ್ ಬಂದಾಗ ಏನು ಮಾಡುವುದು?

ದೂರು ಕೊಟ್ಟ 10 ಕೆಲಸದ ದಿನಗಳೊಳಗೆ ಆ ಮೊತ್ತವನ್ನು ಬ್ಯಾಂಕ್ ತಾತ್ಕಾಲಿಕವಾಗಿ ವಾಪಸ್ ತೋರಿಸಬೇಕು. 90 ದಿನದೊಳಗೆ ದೂರು ಇತ್ಯರ್ಥ ಮಾಡಬೇಕು. ತಾತ್ಕಾಲಿಕ ಎಂಬ ಮಾತು ನೆನಪಿರಲಿ. ಈ ನಡುವೆ ಬ್ಯಾಂಕ್ ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡಿನ ಜಾಲದ ಮೂಲಕ ವ್ಯಾಪಾರಿಯ ಬ್ಯಾಂಕನ್ನು ಕೇಳುತ್ತದೆ. ನೀವೇ ಖರೀದಿಸಿದ್ದು ಎಂದು ಆ ಕಡೆಯಿಂದ ದಾಖಲೆ ಬಂದರೆ ಹಣ ಮತ್ತೆ ಬಿಲ್ಲಿಗೆ ಸೇರಬಹುದು. ಆಗ ಆ ದಾಖಲೆ ತೋರಿಸಿ ಎಂದು ಕೇಳಿ.

ವಂಚನೆ ಎಂದು ನೀವು ತಕರಾರು ಮಾಡಿದ ಮೊತ್ತದ ಮೇಲೆ, ಅದು ಇತ್ಯರ್ಥ ಆಗುವವರೆಗೆ ಯಾವ ಶುಲ್ಕವನ್ನೂ ಹಾಕುವಂತಿಲ್ಲ. ರಿಸರ್ವ್ ಬ್ಯಾಂಕಿನ ಕಾರ್ಡ್ ನಿಯಮದಲ್ಲೇ ಇದು ಇದೆ. ಬಾಕಿ ಉಳಿಸಿಕೊಂಡವರು ಎಂದು ಕ್ರೆಡಿಟ್ ಸ್ಕೋರ್ ಸಂಸ್ಥೆಗೆ ವರದಿ ಮಾಡುವ ಮೊದಲೂ ತಕರಾರು ಮುಗಿದಿರಬೇಕು. ಆದರೆ ಉಳಿದ ಖರ್ಚು ನಿಮ್ಮದೇ ಅಲ್ವಾ, ಅದನ್ನು ಗಡುವಿನೊಳಗೆ ಕಟ್ಟಿಬಿಡಿ. ಕೋಪದಲ್ಲಿ ಇಡೀ ಬಿಲ್ ನಿಲ್ಲಿಸಿದರೆ ಬಡ್ಡಿ ನಿಮ್ಮ ಮೇಲೆಯೇ ಬರುತ್ತದೆ. ಹಾಗೆಯೇ ಖಾತೆಯಿಂದ ಬಿಲ್ ತಾನಾಗಿ ಕಟ್ಟುವ ವ್ಯವಸ್ಥೆ ಇದ್ದರೆ ಒಮ್ಮೆ ನೋಡಿ. ಚಿಕ್ಕಮ್ಮನಿಗೆ ಅದು ಇತ್ತು. ಗಮನಿಸದಿದ್ದರೆ ಕಳ್ಳನ ಖರ್ಚೂ ಅವರ ಪಿಂಚಣಿ ಖಾತೆಯಿಂದಲೇ ಹೋಗುತ್ತಿತ್ತು.

ಬ್ಯಾಂಕ್ ಕೇಳದಿದ್ದರೆ

30 ದಿನ ಕಳೆದರೂ ಉತ್ತರ ಇಲ್ಲ, ಅಥವಾ ಬಂದ ಉತ್ತರ ಸರಿಯಿಲ್ಲ ಎಂದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಯ ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ರಿಸರ್ವ್ ಬ್ಯಾಂಕಿನ ದೂರು ಪೋರ್ಟಲ್‌ನಲ್ಲಿ ಹಾಕಿದರಾಯಿತು, ಮಾಹಿತಿಗೆ 14448 ಇದೆ. ಇಲ್ಲಿ ಮೊದಲು ಕೇಳುವುದೇ ಬ್ಯಾಂಕಿಗೆ ಲಿಖಿತವಾಗಿ ದೂರು ಕೊಟ್ಟಿದ್ದೀರಾ ಎಂದು. ಇಮೇಲ್ ಹಾಕಿ ಎಂದು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ಇದರ ಆಚೆಗೆ ಜಿಲ್ಲಾ ಗ್ರಾಹಕರ ಆಯೋಗವೂ ಇದೆ.

ದೂರು ಕೊಟ್ಟ ಮೇಲೆ ‘ಸೈಬರ್ ಪೊಲೀಸ್, ನಿಮ್ಮ ಹಣ ವಾಪಸ್ ಕೊಡಿಸ್ತೀವಿ, ಸಣ್ಣ ಫೀಸ್ ಕಟ್ಟಿ’ ಎಂದು ಯಾರಾದರೂ ಕರೆ ಮಾಡಿದರೆ ಇಟ್ಟುಬಿಡಿ. ಅದೂ ಕಳ್ಳರದೇ.

ಚಿಕ್ಕಮ್ಮನಿಗೆ ಎಂಟನೇ ಕೆಲಸದ ದಿನ ತಾತ್ಕಾಲಿಕ ಜಮೆ ಬಂತು. ಮೊದಲ ದಿನ ದೂರೇ ದಾಖಲಾಗಿಲ್ಲ ಎಂದು ಬ್ಯಾಂಕ್ ತಗಾದೆ ತೆಗೆದಾಗ ಹಾಜರಿ ಪುಸ್ತಕದ ಹಾಳೆಯ ಫೋಟೊ ಕಳಿಸಿದೆವು. ಎರಡು ತಿಂಗಳಿಗೆ ಪೂರ್ತಿ ಹಣ ಉಳಿಯಿತು. ಹೊಸ ಕಾರ್ಡ್ ಬಂದ ದಿನ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಆ್ಯಪ್‌ನಲ್ಲಿ ವಿದೇಶಿ ವಹಿವಾಟಿನ ಸ್ವಿಚ್ ಆಫ್ ಮಾಡಿದೆವು. ಹೊರದೇಶದ ಎಷ್ಟೋ ವೆಬ್‌ಸೈಟುಗಳಲ್ಲಿ ಓಟಿಪಿ ಇಲ್ಲದೆಯೇ ಹಣ ಹೋಗುತ್ತದೆ, ಅವರ ಮೂರು ಮೆಸೇಜ್‌ಗಳೂ ಹಾಗೇ ಬಂದಿದ್ದವು. ಆನ್‌ಲೈನ್ ಮಿತಿಯನ್ನು ಐದು ಸಾವಿರಕ್ಕೆ ಇಳಿಸಿದೆವು. ಕಾರ್ಡಿನ ಹಿಂದಿನ ನಂಬರನ್ನು ಅವರು ಫೋನಿನಲ್ಲಿ ಉಳಿಸಿಕೊಂಡರು, ಗೋಡೆಯ ಕ್ಯಾಲೆಂಡರಿನ ಮೇಲೂ ಕೆಂಪು ಶಾಯಿಯಲ್ಲಿ ಬರೆದರು, ಅದರ ಪಕ್ಕದಲ್ಲೇ 1930.