ಊರ ಹೆಸರುಗಳನ್ನು ಪೈಥಾನ್‌ನಲ್ಲಿ ಎಣಿಸಿದ್ದು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಮ್ಮ ಗ್ರಂಥಾಲಯಕ್ಕೆ ಯಾವ ಊರಿನವರು ಜಾಸ್ತಿ ಬರುತ್ತಾರೆ ಅಂತ ತಿಳಿಯಬೇಕಿತ್ತು. ರಿಜಿಸ್ಟರಿನಲ್ಲಿ ಊರಿನ ಹೆಸರು ಇರುತ್ತದೆ. ಅದನ್ನು ಒಬ್ಬೊಬ್ಬರು ಒಂದಷ್ಟು ಪುಟ ಟೈಪ್ ಮಾಡಿ ಕೊಟ್ಟರು, ಕೆಲವರು ಮೊಬೈಲಿನಲ್ಲಿ, ಕೆಲವರು ಕಂಪ್ಯೂಟರಿನಲ್ಲಿ. ಎಲ್ಲವನ್ನೂ ಸೇರಿಸಿ, ಪ್ರೋಗ್ರಾಮ್ ಬರೆಯುವ ಭಾಷೆಯಾದ ಪೈಥಾನ್‌ನಲ್ಲಿ ಒಂದು ಲಿಸ್ಟ್ ಮಾಡಿದೆ.

ಪೆರ್ಲದವರು ಎಷ್ಟು ಅಂತ ಮಾತ್ರ ಬೇಕಿದ್ದರೆ ಲಿಸ್ಟಿನದೇ ಕೌಂಟ್ ಫಂಕ್ಷನ್ ಸಾಕು. ಆದರೆ ಅದು ಕೇಳಿದಾಗಲೆಲ್ಲ ಲಿಸ್ಟನ್ನು ಮೊದಲಿನಿಂದ ಕೊನೆವರೆಗೆ ಓದುತ್ತದೆ. ನೀರ್ಚಾಲು, ಮುಳ್ಳೇರಿಯ, ಸೀತಾಂಗೋಳಿ ಅಂತ ಒಂದೊಂದೇ ಊರು ಕೇಳುತ್ತಾ ಹೋದರೆ ಸುಮ್ನೆ ಅಷ್ಟು ಸಲ ಓದಬೇಕು. ಹಾಗಾಗಿ ಪೈಥಾನ್ ಜೊತೆಗೇ ಬರುವ ಕಲೆಕ್ಷನ್ಸ್ ಮಾಡ್ಯೂಲಿನ ಕೌಂಟರ್ ಎಂಬ ಎಣಿಸುವ ಸಾಧನ ಹಿಡಿದೆ. ಲಿಸ್ಟ್ ಕೊಟ್ಟರೆ ಒಂದೇ ಓದಿಗೆ ಎಲ್ಲ ಊರಿನ ಲೆಕ್ಕ ಸಿಗುತ್ತದೆ. ಮೋಸ್ಟ್ ಕಾಮನ್ ಅಂತ ಕೇಳಿದರೆ ಜಾಸ್ತಿ ಇರುವುದು ಮೇಲೆ ಬರುತ್ತದೆ. ಲಿಸ್ಟಿನಲ್ಲಿ ಇಲ್ಲದ ಊರು ಕೇಳಿದರೂ ಎರರ್ ಇಲ್ಲ, ಸೊನ್ನೆ ಅನ್ನುತ್ತದೆ. ನನಗೆ ಇದು ತುಂಬ ಇಷ್ಟ.

ಕನ್ನಡದ ಹೆಸರುಗಳಲ್ಲಿ ನಿಜವಾದ ಕೆಲಸ ಇರುವುದು ಎಣಿಸುವ ಮೊದಲು. ಉತ್ತರದಲ್ಲಿ ಮಂಜೇಶ್ವರ ಎರಡು ಸಾಲಿನಲ್ಲಿ ಬಂತು. ಕಣ್ಣಿಗೆ ಎರಡೂ ಒಂದೇ. ಉದ್ದ, ಅಂದರೆ ಎಷ್ಟು ಚಿಹ್ನೆ ಇವೆ ಅಂತ ಕೇಳಿದರೆ ಒಂದು 8, ಇನ್ನೊಂದು 9! 'ಜೇ' ಅಕ್ಷರದ ಏತ್ವವನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಇಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ ಮತ್ತು ದೀರ್ಘದ ಚಿಹ್ನೆ ಅಂತ ಎರಡಾಗಿಯೂ ಇಡಬಹುದು. ಕೌಂಟರಿಗೆ ಅವು ಬೇರೆ ಬೇರೆ ಹೆಸರು. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್‌ಗೆ ಎನ್‌ಎಫ್‌ಸಿ (ಬಿಡಿ ಚಿಹ್ನೆಗಳನ್ನು ಒಂದೇ ಚಿಹ್ನೆಯಾಗಿ ಕೂಡಿಸುವ ರೂಪ) ಅಂತ ಕೊಟ್ಟು ಎಲ್ಲ ಹೆಸರನ್ನೂ ಹಾಯಿಸಿದೆ, ಎರಡು ಸಾಲು ಒಂದಾಯಿತು.

ಮೊಗ್ರಾಲ್ ಪುತ್ತೂರು ಆಮೇಲೂ ಒಂದಾಗಲಿಲ್ಲ. ಕೆಲವರ ಟೈಪಿಂಗ್‌ನಲ್ಲಿ 'ಲ್' ಆದ ಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇತ್ತು, ಒತ್ತಕ್ಷರ ಆಗದಂತೆ ತಡೆಯುವಂಥದ್ದು. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಹೆಸರಿನ ಹಿಂದು ಮುಂದಿನ ಖಾಲಿ ಜಾಗ ತೆಗೆಯುವ ಸ್ಟ್ರಿಪ್ ಕೂಡ ಅದನ್ನು ತೆಗೆಯುವುದಿಲ್ಲ, ಯಾಕೆಂದರೆ ಆ ಚಿಹ್ನೆ ಖಾಲಿ ಜಾಗದ ಲೆಕ್ಕಕ್ಕೆ ಬರುವುದಿಲ್ಲ. ಒಂದರ ಬದಲು ಇನ್ನೊಂದು ಇಡುವ ರಿಪ್ಲೇಸ್‌ನಿಂದಲೇ ತೆಗೆದೆ.

ಉಳಿದದ್ದು ನಮ್ಮ ಜಿಲ್ಲೆಯದೇ ವಿಷಯ. ಕಾಸರಗೋಡು ಅಂತಲೂ ಬರೆಯುತ್ತಾರೆ, ಕಾಸರಗೋಡ್ ಅಂತಲೂ. ಪೈವಳಿಕೆ ಕೆಲವರಿಗೆ ಪೈವಳಿಗೆ. ಮಲಯಾಳದಲ್ಲಿ ಕಲಿತವರು ಮಂಜೇಶ್ವರಂ ಅಂತ ಬರೆಯುವುದೂ ಉಂಟು. ಇದ್ಯಾವುದೂ ತಪ್ಪಲ್ಲ, ಅಲ್ವಾ? ಅದಕ್ಕೆ ಮೂಲ ಲಿಸ್ಟನ್ನು ತಿದ್ದದೆ, ಯಾವ ರೂಪವನ್ನು ಯಾವುದರ ಜೊತೆ ಎಣಿಸಬೇಕು ಅಂತ ಬೇರೆ ಒಂದು ಡಿಕ್ಷನರಿ (ಪೈಥಾನಿನ ಜೋಡಿಪಟ್ಟಿ) ಬರೆದೆ.

ಬರೀ 'ಪುತ್ತೂರು' ಅಂತ ಇದ್ದವನ್ನು ಮಾತ್ರ ಆ ಡಿಕ್ಷನರಿಗೆ ಸೇರಿಸಲಿಲ್ಲ. ಅದು ಮೊಗ್ರಾಲ್ ಪುತ್ತೂರೂ ಆಗಬಹುದು, ಗಡಿ ಆಚೆ ದಕ್ಷಿಣ ಕನ್ನಡದ ಪುತ್ತೂರೂ ಆಗಬಹುದು. ಅವರಿಗೆಲ್ಲ ಫೋನ್ ಮಾಡಿ ಕೇಳಿದೆ.