ಸೈಟಾಯ್ಡ್ ಬಾಡಿ: ನಾನು ನೋಡುವ, ಬರೆಯುವ ರೀತಿ

ಚರ್ಮದ ಬಯಾಪ್ಸಿ ನೋಡಿ ರಿಪೋರ್ಟ್ ಕೊಡುವುದು ನನ್ನ ಕೆಲಸ. ‘ಸೈಟಾಯ್ಡ್ ಬಾಡಿ ಕಂಡಿವೆ’ ಎಂಬ ಸಾಲು ಓದಿ ಎಷ್ಟೋ ಜನ ಹೆದರುತ್ತಾರೆ. ಕ್ಯಾನ್ಸರ್ ಇರಬಹುದಾ ಅಂತ ಕೇಳುತ್ತಾರೆ. ಸೈಟಾಯ್ಡ್ ಅಂದರೆ ಜೀವಕೋಶದ ಹಾಗೆ ಕಾಣುವಂಥದ್ದು, ಅಷ್ಟೇ. ಕ್ಯಾನ್ಸರ್ ಎಂಬ ಅರ್ಥ ಅದಕ್ಕಿಲ್ಲ.

ಇವು ಜಾಸ್ತಿ ಸಿಗುವುದು ಲೈಕನ್ ಪ್ಲೇನಸ್ ಎಂಬ ಚರ್ಮರೋಗದಲ್ಲಿ. ಮಣಿಕಟ್ಟಿನ ಮೇಲೆ ನೇರಳೆ ಬಣ್ಣದ ಚಪ್ಪಟೆ ಗುಳ್ಳೆಗಳು, ವಿಪರೀತ ತುರಿಕೆ. ಸ್ಲೈಡನ್ನು ಮೊದಲು ಕಡಿಮೆ ಪವರ್‌ನಲ್ಲಿ ನೋಡುತ್ತೇನೆ. ಮೇಲ್ಚರ್ಮದ ಕೆಳಗೆ ಲಿಂಫೋಸೈಟ್‌ಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಪಟ್ಟಿಯ ಹಾಗೆ ಕೂಡಿರುತ್ತವೆ. ಆಮೇಲೆ ಪವರ್ ಹೆಚ್ಚಿಸಿ, ಮೇಲ್ಚರ್ಮದ ತಳದ ಸಾಲನ್ನು ನಿಧಾನವಾಗಿ ನೋಡುತ್ತಾ ಹೋಗುತ್ತೇನೆ. ಅಲ್ಲಿ ಗುಲಾಬಿ ಬಣ್ಣದ, ದುಂಡನೆಯ, ನಯವಾದ ಉಂಡೆಗಳು. ನ್ಯೂಕ್ಲಿಯಸ್ (ಕೋಶಕೇಂದ್ರ) ಇರುವುದಿಲ್ಲ, ಇದ್ದರೂ ಮುದುಡಿದ ಕಪ್ಪು ಚುಕ್ಕೆ. ಲಿಂಫೋಸೈಟ್‌ಗಳ ದಾಳಿಗೆ ಸತ್ತ ಚರ್ಮದ ಕೋಶಗಳಿವು. ಕೆಲವು ಕೆಳಗಿನ ಪದರವಾದ ಡರ್ಮಿಸ್‌ಗೆ ಜಾರಿರುತ್ತವೆ. ಸಿವಾಟ್ ಬಾಡಿ, ಕೊಲಾಯ್ಡ್ ಬಾಡಿ ಅಂದರೂ ಇವೇ.

ಪ್ರತಿಕಾಯಗಳನ್ನು ಹೊಳೆಯುವಂತೆ ಮಾಡಿ ತೋರಿಸುವ ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆ ಮಾಡಿದರೆ ಇನ್ನೂ ಸ್ಪಷ್ಟ. ಐಜಿಎಂ ಎಂಬ ಪ್ರತಿಕಾಯವನ್ನು ಹಿಡಿದುಕೊಂಡು ದ್ರಾಕ್ಷಿ ಗೊಂಚಲಿನ ಹಾಗೆ ಹಸಿರಾಗಿ ಹೊಳೆಯುತ್ತವೆ. ಆದರೆ ಆ ಪರೀಕ್ಷೆಯ ಚರ್ಮದ ತುಂಡನ್ನು ಮಿಶೆಲ್ ಮೀಡಿಯಂ ಎಂಬ ದ್ರಾವಣದಲ್ಲೇ ಕಳಿಸಬೇಕು. ಮಾಮೂಲಿ ಬಯಾಪ್ಸಿ ಇಡುವ ಫಾರ್ಮಲಿನ್ ದ್ರಾವಣಕ್ಕೆ ಹಾಕಿದರೆ ಈ ಪರೀಕ್ಷೆಗೆ ಬರುವುದಿಲ್ಲ. ರೋಗಿಗೆ ಸುಮ್ನೆ ಇನ್ನೊಂದು ಸಲ ನೋವು, ಅಲ್ವಾ?

ಇವನ್ನಷ್ಟೇ ನಂಬಿ ನಾನು ರೋಗದ ಹೆಸರು ಬರೆಯುವುದಿಲ್ಲ. ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ರೋಗದಲ್ಲೂ ಕಾಣುತ್ತವೆ, ಅಲ್ಲೊಂದು ಇಲ್ಲೊಂದು ಆರೋಗ್ಯವಂತರ ಚರ್ಮದಲ್ಲೂ ಸಿಗಬಹುದು.

ಕಣ್ಣಿನ ವಿಷಯಕ್ಕೆ ಬಂದರೆ ಇದೇ ಹೆಸರಿನದು ಬೇರೆಯೇ ವಸ್ತು. ಕಣ್ಣಿನ ಒಳಪರದೆ ರೆಟಿನಾದ ಸಣ್ಣ ರಕ್ತನಾಳ ಕಟ್ಟಿಕೊಂಡಾಗ ಅಲ್ಲಿನ ನರದ ಎಳೆ ಊದಿಕೊಳ್ಳುತ್ತದೆ. ಊದಿದ ಭಾಗದ ನಡುವೆ ಎಳೆಯೊಳಗಿನ ಸಾಮಗ್ರಿ ಗುಡ್ಡೆಯಾಗಿ ನ್ಯೂಕ್ಲಿಯಸ್ ಥರ ಕಾಣುತ್ತದೆ. ಕಣ್ಣಿನ ಡಾಕ್ಟರಿಗೆ ಅದು ಬಿಳಿ ಹತ್ತಿಯಂಥ ಕಲೆ, ಕಾಟನ್ ವೂಲ್ ಸ್ಪಾಟ್. ಅದು ಕಂಡರೆ ಬಿಪಿ, ಶುಗರ್ ಕೂಡಲೇ ನೋಡಿಸಬೇಕು. ಹಾಗಾಗಿ ಸೈಟಾಯ್ಡ್ ಬಾಡಿ ಎಂದು ಬರೆದಾಗಲೆಲ್ಲ ಯಾವ ಜಾಗದ್ದು, ಏನು ಸತ್ತಿದೆ ಎಂದು ಪಕ್ಕದಲ್ಲೇ ಸೇರಿಸುತ್ತೇನೆ.

ಬಯಾಪ್ಸಿ ಕಳಿಸುವ ಡಾಕ್ಟರುಗಳಲ್ಲಿ ನನ್ನದೊಂದು ಕೋರಿಕೆ. ರೋಗಿ ನುಂಗುತ್ತಿರುವ ಮಾತ್ರೆಗಳನ್ನು ಫಾರಂನಲ್ಲಿ ಬರೆಯಿರಿ. ಕೆಲವು ಬಿಪಿ, ಮಲೇರಿಯಾ ಮಾತ್ರೆಗಳಿಂದಲೂ ಲೈಕನ್ ಪ್ಲೇನಸ್‌ನಂಥದ್ದೇ ಗುಳ್ಳೆ ಏಳುತ್ತದೆ. ಆಗ ಈ ಉಂಡೆಗಳು ಮೇಲ್ಚರ್ಮದ ಮೇಲಿನ ಪದರಗಳಲ್ಲೂ ಇರುತ್ತವೆ, ಜೊತೆಗೆ ಇಯೊಸಿನೊಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣ ಕೂಡ. ಮಾತ್ರೆಯ ಹೆಸರು ಮುಂದಿದ್ದರೆ ಸ್ಲೈಡ್‌ನಲ್ಲಿ ಈ ಗುರುತುಗಳನ್ನೇ ಹುಡುಕಿ ನೋಡುತ್ತೇನೆ.