ಎಣ್ಣೆ ಮುಖಕ್ಕೆ ಮಾಯಿಶ್ಚರೈಸರ್: ಮಲೆನಾಡಿನ ಹವೆಯಲ್ಲಿ ನನಗೆ ಒಗ್ಗಿದ ಕ್ರಮ

ನನ್ನದು ಪಕ್ಕಾ ಎಣ್ಣೆ ಚರ್ಮ. ಬೆಳಿಗ್ಗೆ ಮುಖ ತೊಳೆದು ತೀರ್ಥಹಳ್ಳಿಯಲ್ಲಿ ಬಸ್ ಹತ್ತಿದರೆ ಶಿವಮೊಗ್ಗದಲ್ಲಿ ಇಳಿಯುವ ಹೊತ್ತಿಗೆ ಹಣೆ, ಮೂಗು, ಗದ್ದ ಮೂರೂ ಮಿಂಚುತ್ತಿರುತ್ತವೆ. ಇಂಥ ಮುಖಕ್ಕೆ ಎರಡು ಹೊತ್ತೂ ಮಾಯಿಶ್ಚರೈಸರ್ ಹಚ್ಚುತ್ತೇನೆ ಅಂದರೆ ನಮ್ಮ ದೊಡ್ಡಮ್ಮನಿಗೆ ಆಶ್ಚರ್ಯ. "ಮೊದಲೇ ಎಣ್ಣೆ ಸುರೀತದೆ, ಅದ್ರ ಮೇಲೆ ಕ್ರೀಮ್ ಬೇರೆ ಎಂತಕ್ಕೆ ಮಾರಾಯ್ತಿ?" ಅನ್ನುತ್ತಾರೆ. ಅವರು ಕೇಳುವುದು ಸಹಜ. ತುಂಬಾ ಜನ ಇದೇ ಪ್ರಶ್ನೆ ಕೇಳುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಚರ್ಮದ ಮೇಲಿನ ಎಣ್ಣೆ ಬೇರೆ, ಚರ್ಮದೊಳಗಿನ ನೀರು ಬೇರೆ. ಎಣ್ಣೆ ಬರುವುದು ರೋಮದ ಬುಡಕ್ಕೆ ಅಂಟಿಕೊಂಡಿರುವ ಸಣ್ಣ ಗ್ರಂಥಿಗಳಿಂದ. ಅದು ಎಷ್ಟು ಬರಬೇಕು ಎಂಬುದನ್ನು ಮುಖ್ಯವಾಗಿ ಹಾರ್ಮೋನ್ ನಡೆಸುತ್ತದೆ. ಹರೆಯ ಬಂದಾಗ ಮುಖ ಜಿಡ್ಡಾಗುವುದು ಅದಕ್ಕೇ. ನೀರು ಇರುವುದು ಚರ್ಮದ ಹೊರಪದರದಲ್ಲಿ. ಆ ಪದರದ ಕೋಶಗಳ ಮಧ್ಯೆ ಸೆರಮೈಡ್‌ನಂಥ ಕೊಬ್ಬಿನ ಅಂಶಗಳಿದ್ದು, ಅವು ನೀರು ಆವಿಯಾಗದಂತೆ ತಡೆಯುತ್ತವೆ. ಗಡಸು ಸೋಪು ಹಾಕಿ ಉಜ್ಜಿದಾಗ ಮೇಲಿನ ಜಿಡ್ಡಿನ ಜೊತೆ ಈ ಕೊಬ್ಬೂ ಹೋಗುತ್ತದೆ. ಗ್ರಂಥಿ ಮಾತ್ರ ತನ್ನ ಪಾಡಿಗೆ ಎಣ್ಣೆ ಬಿಡುತ್ತಲೇ ಇರುತ್ತದೆ. ಆಗ ಮೇಲೆ ಜಿಡ್ಡು, ಒಳಗೆ ಒಣಕಲು. ಆ ಒಣಕಲಿಗೇ ಮಾಯಿಶ್ಚರೈಸರ್ ಬೇಕಾಗುವುದು.

ಇದನ್ನು ಕಣ್ಣಾರೆ ನೋಡಬೇಕೆಂದರೆ ಮೂಗಿನ ಹೊಳ್ಳೆಯ ಪಕ್ಕದ ಸಂದಿ ನೋಡಿ. ಚಳಿಗಾಲದಲ್ಲಿ ಟ್ಯೂಬ್‌ಲೈಟ್ ಕೆಳಗೆ ಕನ್ನಡಿ ಹಿಡಿದರೆ ನನಗೆ ಅಲ್ಲಿ ತೆಳ್ಳಗೆ ಬಿಳಿ ಸಿಪ್ಪೆ ಕಾಣುತ್ತದೆ, ಒಂದು ಅಂಚು ಎದ್ದು ನಿಂತಿರುತ್ತದೆ. ಅದರ ಮೇಲೆ ಟಿಶ್ಯೂ ಒತ್ತಿದರೆ ಕಾಗದ ಎಣ್ಣೆ ಕುಡಿದು ಪಾರದರ್ಶಕ ಆಗುತ್ತದೆ, ಸಿಪ್ಪೆ ಮಾತ್ರ ಅಲ್ಲೇ. ಪೌಡರ್ ಹಾಕಿದರೆ ಮೊದಲು ಕೂರುವುದೂ ಅಲ್ಲೇ. ಮುಖ ತೊಳೆದ ಸ್ವಲ್ಪ ಹೊತ್ತಿಗೆ ಕೆನ್ನೆ ಬಿಗಿದು ಎಳೆದಂತಾಗುವುದೂ ಇದೇ ಲಕ್ಷಣ. ಆದರೆ ಒಂದು ಎಚ್ಚರ. ಆ ಸಿಪ್ಪೆ ಹಳದಿಯಾಗಿ, ಅಂಟಂಟಾಗಿ, ಕೆಂಪಾದ ಚರ್ಮದ ಮೇಲೆ ಎದ್ದು, ತುರಿಕೆಯೂ ಇದ್ದು, ತಲೆಯಲ್ಲಿ ಹೊಟ್ಟೂ ಇದ್ದರೆ ಅದು ಬರೀ ಒಣಗಿದ್ದಲ್ಲ. ಅದಕ್ಕೆ ಬೇರೆಯೇ ಔಷಧಿ ಬೇಕು. ಚರ್ಮದ ಡಾಕ್ಟರಿಗೆ ತೋರಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗ ಇದೆ.

ಮಾಯಿಶ್ಚರೈಸರ್ ಬಗ್ಗೆ ಹೇಳುವ ಮೊದಲು ತೊಳೆಯುವುದರ ಬಗ್ಗೆ ಹೇಳಲೇಬೇಕು. ನಮ್ಮ ಕಡೆಯ ಬಚ್ಚಲು ಗೊತ್ತಲ್ಲ, ಒಲೆಗೆ ಕಟ್ಟಿಗೆ ತುರುಕಿ ಹಂಡೆ ತುಂಬ ನೀರು ಕಾಯಿಸಿ, ಹೊಗೆಯಾಡುವ ನೀರನ್ನು ಚೊಂಬು ಚೊಂಬು ಸುರಿದುಕೊಳ್ಳುವುದು. ಮಳೆಯಲ್ಲಿ ನೆನೆದು ಬಂದಾಗ ಅದರ ಸುಖವೇ ಸುಖ. ಮೈಗೆ ಅದನ್ನು ನಾನೂ ಬಿಡುವುದಿಲ್ಲ. ಮುಖಕ್ಕೆ ಮಾತ್ರ ಬೇಡ. ಸ್ನಾನ ಮುಗಿದ ಮೇಲೆ ತಣ್ಣೀರು ಬೆರೆಸಿ, ಉಗುರು ಬೆಚ್ಚಗಿನ ನೀರಿನಲ್ಲಿ ಬೇರೆಯಾಗಿ ಮುಖ ತೊಳೆಯುತ್ತೇನೆ. ಮೈಗೆ ಹಚ್ಚುವ ಸೋಪನ್ನು ಮುಖಕ್ಕೆ ತರುವುದಿಲ್ಲ. ಸಾಮಾನ್ಯ ಸೋಪಿನ ಪಿಎಚ್ (ಹುಳಿ-ಕ್ಷಾರದ ಅಳತೆ) 9ರಿಂದ 10ರ ಆಸುಪಾಸು ಇರುತ್ತದೆ, ಚರ್ಮದ್ದು ಸುಮಾರು 5. ಹಾಗಾಗಿ ಮೃದುವಾದ, ಜಾಸ್ತಿ ನೊರೆ ಬರದ ಫೇಸ್‌ವಾಶ್, ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಮಧ್ಯಾಹ್ನ ಜಿಡ್ಡೆನಿಸಿದರೆ ಟಿಶ್ಯೂ ಒತ್ತಿ ತೆಗೆದರೆ ಸಾಕು, ಇಲ್ಲವೇ ಬರೀ ನೀರು. ಕಡ್ಲೆಹಿಟ್ಟು, ಮುಲ್ತಾನಿ ಮಿಟ್ಟಿ ಹಾಕಿ ಗಸಗಸ ತಿಕ್ಕುವುದು ಬೇಡ. ಲಿಂಬೆಹಣ್ಣಂತೂ ಬೇಡವೇ ಬೇಡ. ಅದರ ಹುಳಿ ಚರ್ಮಕ್ಕೆ ಅತಿ ಜಾಸ್ತಿ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟು ಕಲೆ ಬೀಳುವುದೂ ಇದೆ.

ಈಗ ಹಚ್ಚುವ ವಿಷಯ. ನನ್ನ ಅನುಭವದಲ್ಲಿ ಯಾವ ಕ್ರೀಮ್ ಎನ್ನುವುದಕ್ಕಿಂತ ಯಾವಾಗ ಹಚ್ಚುತ್ತೇವೆ ಎನ್ನುವುದೇ ದೊಡ್ಡದು. ಟವೆಲ್‌ನಿಂದ ಮುಖ ಒರೆಸುವುದಿಲ್ಲ, ಸುಮ್ನೆ ಒತ್ತುತ್ತೇನೆ. ನೀರು ತೊಟ್ಟಿಕ್ಕಬಾರದು, ಆದರೆ ಕೈಯಿಟ್ಟರೆ ತೇವ ಸಿಗಬೇಕು. ಆ ತೇವ ಆರುವ ಮೊದಲೇ ಹಚ್ಚಿಬಿಡಬೇಕು. ಬೇಸಿಗೆಯಲ್ಲಿ ಅಡಿಕೆ ಮರದ ಬುಡಕ್ಕೆ ನೀರು ಬಿಟ್ಟ ಮೇಲೆ ದರಗು (ಒಣ ಎಲೆ) ಹೊದೆಸುತ್ತಾರಲ್ಲ, ಇದೂ ಅದೇ ಲೆಕ್ಕ. ಒಣಗಿದ ಮೇಲೆ ಹೊದೆಸಿ ಏನು ಫಲ?

ನಾನು ಹಚ್ಚುವುದು ಜೆಲ್ ರೂಪದ ಮಾಯಿಶ್ಚರೈಸರ್, ಕಡ್ಲೆಕಾಳಿನಷ್ಟು ಇಡೀ ಮುಖಕ್ಕೆ ಸಾಕು. ಎರಡೂ ಕೆನ್ನೆಗೆ ಮೊದಲು, ಆಮೇಲೆ ಹಣೆಗೆ, ಗದ್ದಕ್ಕೆ. ಮೂಗಿಗೆ ಬೇರೆ ತೆಗೆದುಕೊಳ್ಳುವುದಿಲ್ಲ, ಬೆರಳಲ್ಲಿ ಉಳಿದದ್ದನ್ನೇ ಸವರಿ ಹೊಳ್ಳೆಯ ಸಂದಿಗೆ ಸ್ವಲ್ಪ ಒತ್ತುತ್ತೇನೆ. ತಿಕ್ಕುವುದಿಲ್ಲ. ಮೊದಲು ಅಂಗೈಗೆ ಅಂಟುತ್ತದೆ, ಸ್ವಲ್ಪ ಹೊತ್ತಿಗೆ ಅಂಟು ಹೋಗಿ ಚರ್ಮ ಮೆತ್ತಗಾಗುತ್ತದೆ. ಆಮೇಲೂ ಅಂಟಂಟು ಅನ್ನಿಸಿದರೆ ಹಚ್ಚಿದ್ದು ಜಾಸ್ತಿಯಾಯಿತು ಅಂತ ಅರ್ಥ. ಹಗಲಾದರೆ ಅದರ ಮೇಲೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್. ಮೋಡ ಇದ್ದರೂ ಹಚ್ಚುತ್ತೇನೆ, ಮೋಡ ಸೂರ್ಯನ ಕಿರಣವನ್ನು ಪೂರ್ತಿ ತಡೆಯುವುದಿಲ್ಲ.

ಅಂಗಡಿಯಲ್ಲಿ ನಾನು ಡಬ್ಬಿಯ ಮುಂಭಾಗ ಬಿಟ್ಟು ಹಿಂಭಾಗ ಓದುತ್ತೇನೆ. ಪದಾರ್ಥಗಳ ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು ಬರುತ್ತದೆ. ಗ್ಲಿಸರಿನ್ ಮೇಲುಗಡೆಯೇ ಇದ್ದರೆ ಒಳ್ಳೆಯದು, ಅದು ನೀರನ್ನು ಹಿಡಿದಿಡುತ್ತದೆ. ಹಯಲುರಾನಿಕ್ ಆಸಿಡ್ ಕೂಡ ಅದೇ ಕೆಲಸ ಮಾಡುತ್ತದೆ, ದುಡ್ಡು ಜಾಸ್ತಿ ಕೊಟ್ಟು ಅದನ್ನೇ ಹುಡುಕಬೇಕಾಗಿಲ್ಲ. ಡೈಮೆಥಿಕೋನ್ ಇದ್ದರೆ ಜಿಡ್ಡಿಲ್ಲದೆ ಮೇಲೊಂದು ತೆಳು ಪದರ ಕೂರುತ್ತದೆ. ನಯಾಸಿನಮೈಡ್ ಶೇ. 2ರಿಂದ 5ರವರೆಗೆ ಇದ್ದರೆ ನನಗೆ ಇಷ್ಟ. ಅದು ಎಣ್ಣೆಯನ್ನು ಸ್ವಲ್ಪ ತಗ್ಗಿಸುತ್ತದೆ, ಚರ್ಮದ ತಡೆಯನ್ನೂ ಗಟ್ಟಿ ಮಾಡುತ್ತದೆ. ಕೊಬ್ಬರಿ ಎಣ್ಣೆ, ಕೋಕೋ ಬಟರ್ ಇದ್ದರೆ ವಾಪಸ್ ಇಟ್ಟುಬಿಡುತ್ತೇನೆ, ರಂಧ್ರ ಮುಚ್ಚುವ ಗುಣ ಅವುಗಳಲ್ಲಿ ಜಾಸ್ತಿ. "ನಾನ್ ಕಾಮೆಡೋಜೆನಿಕ್" (ರಂಧ್ರ ಮುಚ್ಚುವುದಿಲ್ಲ) ಅಂತ ಬರೆದಿದ್ದರೆ ಸಂತೋಷ, ಆದರೆ ಮೊಡವೆ ಬರುವುದೇ ಇಲ್ಲ ಎಂಬ ಖಾತ್ರಿ ಅದಲ್ಲ. ಹೊಸದನ್ನು ಮೊದಲು ದವಡೆಯ ಒಂದು ಕಡೆ ಮಾತ್ರ ಹಚ್ಚಿ ನೋಡುತ್ತೇನೆ. ಸಾಧ್ಯವಾದರೆ ಟ್ಯೂಬನ್ನೇ ಕೊಳ್ಳುತ್ತೇನೆ. ನಮ್ಮ ಮಳೆಗಾಲದ ತೇವದಲ್ಲಿ ಒದ್ದೆ ಬೆರಳು ಅದ್ದುವ ಡಬ್ಬಿ ಬೇಗ ಕೆಡುತ್ತದೆ.

ಕೊಬ್ಬರಿ ಎಣ್ಣೆ ಅಂದೆ. ತಲೆಗೆ ಹಚ್ಚುವುದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ರಾತ್ರಿ ಎಣ್ಣೆ ಹಚ್ಚಿ ಮಲಗಿದರೆ ಅದು ಹಣೆಗೂ ದಿಂಬಿಗೂ ಇಳಿಯುತ್ತದೆ, ಕೂದಲ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಸ್ನಾನಕ್ಕೆ ಸ್ವಲ್ಪ ಹೊತ್ತು ಮುಂಚೆ ಹಚ್ಚಿ, ತಲೆ ತೊಳೆದ ಮೇಲೆ ಹಣೆಯನ್ನೂ ತೊಳೆದುಬಿಡಿ. ದೀಪಾವಳಿಯ ಎಣ್ಣೆ ಸ್ನಾನದಲ್ಲಿ ಅತ್ತಿಗೆ ನನಗೆ ಮುಖ ಬಿಟ್ಟು ಉಳಿದ ಕಡೆಗೆಲ್ಲ ಧಾರಾಳವಾಗಿ ಹಚ್ಚುತ್ತಾರೆ.

ನಮ್ಮಲ್ಲಿ ಒಂದೇ ಕ್ರೀಮ್ ವರ್ಷವಿಡೀ ಹೊಂದುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಆಗುಂಬೆ ಕಡೆ, ಹಗ್ಗದ ಮೇಲಿನ ಬಟ್ಟೆಯೇ ಒಣಗುವುದಿಲ್ಲ, ಇನ್ನು ಮುಖ ಒಣಗುವುದೆಲ್ಲಿ? ಆಗ ರಾತ್ರಿ ತೆಳುವಾಗಿ ಜೆಲ್, ಬೆಳಿಗ್ಗೆ ಸನ್‌ಸ್ಕ್ರೀನ್ ಮಾತ್ರ. ಬೇಸಿಗೆಯಲ್ಲಿ ಶಿವಮೊಗ್ಗ ಪೇಟೆಯ ಸೆಕೆಗೂ ಜೆಲ್ಲೇ ಸರಿ. ಆದರೆ ದಿನವಿಡೀ ಎಸಿ ರೂಮಿನಲ್ಲಿ ಕೂರುವವರಿಗೆ ಸೆಕೆಗಾಲದಲ್ಲೂ ಮುಖ ಒಣಗುತ್ತದೆ, ಅವರು ಬೆಳಿಗ್ಗೆ ಹಚ್ಚುವುದನ್ನು ತಪ್ಪಿಸಬಾರದು. ನಿಜವಾದ ಪರೀಕ್ಷೆ ಚಳಿಗಾಲದ ಅಡಿಕೆ ಸುಗ್ಗಿಯಲ್ಲಿ. ಬೆಳಿಗ್ಗೆ ಇಬ್ಬನಿ, ಮಧ್ಯಾಹ್ನ ಒಣ ಗಾಳಿ, ಅಡಿಕೆ ಬೇಯಿಸುವ ಒಲೆಯ ಮುಂದೆ ನಿಂತರೆ ಝಳ. ಆಗ ಜೆಲ್ ಬಿಟ್ಟು ಸೆರಮೈಡ್ ಇರುವ ಹಗುರ ಲೋಷನ್‌ಗೆ ಬರುತ್ತೇನೆ. ಹಣೆಗೆ ತೆಳುವಾಗಿ, ಕೆನ್ನೆಗೆ ಸ್ವಲ್ಪ ದಪ್ಪವಾಗಿ. ಮುಖಕ್ಕೆಲ್ಲ ಒಂದೇ ಅಳತೆ ಆಗಬೇಕೆಂದೇನೂ ಇಲ್ಲ. ಪೆಟ್ರೋಲಿಯಂ ಜೆಲ್ಲಿ ತುಟಿಗೆ ಮಾತ್ರ.

ಮೊಡವೆಗೆ ಔಷಧಿ ಹಚ್ಚುತ್ತಿರುವ ಹುಡುಗ ಹುಡುಗಿಯರಿಗೆ ಇದು ಇನ್ನೂ ಮುಖ್ಯ. ಅಡಾಪಲೀನ್, ಬೆಂಜಾಯಿಲ್ ಪೆರಾಕ್ಸೈಡ್ ಎರಡೂ ಚರ್ಮವನ್ನು ಒಣಗಿಸುತ್ತವೆ. ಉರಿ ತಾಳದೆ ಅರ್ಧಕ್ಕೇ ಬಿಟ್ಟವರನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಚಿಕ್ಕಪ್ಪನ ಮಗಳು ಕಾಲೇಜಿಗೆ ಹೋಗುವವಳು, "ಅಕ್ಕಾ, ಮುಖ ಉರೀತದೆ, ಬಿಟ್ಬಿಡ್ಲಾ?" ಅಂತ ಫೋನ್ ಮಾಡಿದ್ದಳು. ಡಾಕ್ಟರಿಗೆ ಹೇಳು, ಅಲ್ಲಿವರೆಗೆ ಮೊದಲು ಮಾಯಿಶ್ಚರೈಸರ್ ಹಚ್ಚಿ, ಅದು ಆರಿದ ಮೇಲೆ ಮುಲಾಮು ಹಚ್ಚು ಅಂದೆ. ಡಾಕ್ಟರೂ ಅದಕ್ಕೆ ಸರಿ ಅಂದರು, ದಿನ ಬಿಟ್ಟು ದಿನ ಹಚ್ಚಲು ಹೇಳಿದರು. ಈಗ ಅವಳಿಗೆ ಒಗ್ಗಿದೆ. ಮೆಡಿಕಲ್ ಶಾಪ್‌ನಲ್ಲಿ ಯಾರೋ ಹೇಳಿದರು ಅಂತ ಸ್ಟೆರಾಯ್ಡ್ ಬೆರೆತ ಕ್ರೀಮನ್ನು ಮಾತ್ರ ಮುಖಕ್ಕೆ ತರಬೇಡಿ. ಮೊದಲು ಮುಖ ತಿಳಿಯಾದಂತೆ ಕಾಣುತ್ತದೆ, ಆಮೇಲೆ ಚರ್ಮ ತೆಳ್ಳಗಾಗಿ ಕೆಂಪು ನರ ಕಾಣತೊಡಗುತ್ತದೆ, ನಿಲ್ಲಿಸಿದ ಕೂಡಲೇ ಮೊಡವೆ ಮತ್ತೆ ಉಕ್ಕುತ್ತದೆ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂಬ ಹೆಸರು ಕಂಡರೆ ಡಾಕ್ಟರ ಚೀಟಿ ಇಲ್ಲದೆ ಮುಟ್ಟಬೇಡಿ. ಈಗಾಗಲೇ ಹಚ್ಚುತ್ತಿದ್ದರೆ ತಟ್ಟನೆ ನಿಲ್ಲಿಸುವ ಬದಲು ಚರ್ಮದ ಡಾಕ್ಟರನ್ನು ಕೇಳಿ ಹಂತ ಹಂತವಾಗಿ ಬಿಡಿ.